ಎದುರಾಳಿ ಬೇಕಾಗಿದ್ದಾನೆ

ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ನಾನು ಅಣಕಿಸದೆ ಬಿಟ್ಟವರು ಯಾರೂ ಇಲ್ಲ. ಬಿಟ್ಟುಹೋದವರು ಬೇಜಾರು ಮಾಡಿಕೊಂಡಾರೆಂದು ಕಷ್ಟಪಟ್ಟು ಎಲ್ಲರನ್ನೂ ಸೇರಿಸಿಕೊಂಡಿದ್ದೇನೆ. ಮೂಲೆ ಮನೆಯ ಮೇಷ್ಟ್ರು ಗೇಟು ಹಾಕುವ ಮೊದಲು ಕೆಮ್ಮುವ ಕೆಮ್ಮು, ನಮ್ಮಮ್ಮ ಫೋನಿನಲ್ಲಿ 'ಇಡ್ತೀನಿ' ಅಂದ ಮೇಲೆ ಆಡುವ ಅರ್ಧ ಗಂಟೆಯ ಮಾತು, ಎಲ್ಲ ನನ್ನ ಬಳಿ ಇದೆ. ನನ್ನನ್ನೂ ಬಿಟ್ಟಿಲ್ಲ. ಬಿ.ಕಾಂ. ಮುಗಿಸಿ ಮನೆಯಲ್ಲಿರುವ ಹುಡುಗನನ್ನು ಮದುವೆ ಮನೆಯಲ್ಲಿ ಯಾರಾದರೂ 'ಏನ್ ಮಾಡ್ತಿದೀಯಪ್ಪಾ' ಅಂತ ಕೇಳಿದರೆ, ಅವನ ಧ್ವನಿ ತೆಳ್ಳಗಾಗಿ 'ಏನೋ ಒಂದು ಪ್ಲಾನ್ ಇದೆ ಅಂಕಲ್' ಎಂದು ಊಟದ ಎಲೆಯ ಕಡೆ ಹೇಗೆ ಜಾರುತ್ತದೆ ಎಂಬುದನ್ನು ನನ್ನಷ್ಟು ಚೆನ್ನಾಗಿ ಯಾರೂ ಮಾಡಲಾರರು.

ಅಪ್ಪನದು ಹಿಟ್ಟಿನ ಗಿರಣಿ. ಗಿರಣಿಯವರ ಮನೆಯಲ್ಲಿ ಮೆತ್ತಗೆ ಮಾತಾಡುವ ಅಭ್ಯಾಸವಿಲ್ಲ. ಬೆಲ್ಟಿನ ಸದ್ದಿನ ಮೇಲೆ ಮಾತು ಎಸೆದು ಎಸೆದು ಅಪ್ಪ ಊಟಕ್ಕೆ ಕೂತಾಗಲೂ ಉಪ್ಪನ್ನು ಪಕ್ಕದ ಬೀದಿಯಿಂದ ತರಿಸುವವನ ಹಾಗೆ ಕೇಳುತ್ತಾನೆ. ಅವನಿಗೆ ಫೋನ್ ಮಾಡುವಾಗ ಹೊರಗಿನವರು ಮೊದಲು ಮೆತ್ತಗೆ 'ಹಲೋ' ಅಂದು, ಕೇಳಿಸಲಿಲ್ಲ ಎಂದು ಗೊತ್ತಾದ ಮೇಲೆ ದನಿ ಏರಿಸುತ್ತಾರೆ. ನಾವು ಮನೆಯವರು ಹಾಗಲ್ಲ. ಮೊದಲ ಅಕ್ಷರದಿಂದಲೇ ಕಿರುಚುತ್ತೇವೆ. ಈ ಸಂಗತಿ ನನಗೆ ಮುಂದೆ ದುಬಾರಿಯಾಯಿತು.

ನನ್ನ ಪ್ಲಾನು ಹೊಳೆದದ್ದು ಮೈಕಿನಿಂದ. ಈಗ ತಳ್ಳುವ ಗಾಡಿಯವರೆಲ್ಲ ಬಾಯಿ ಮುಚ್ಚಿಕೊಂಡಿದ್ದಾರೆ. ಗಾಡಿಗೆ ಕಟ್ಟಿದ ಬ್ಯಾಟರಿ ಮೈಕು ಕೂಗುತ್ತದೆ. ಆದರೆ ಎಲ್ಲ ಮೈಕಿಗೂ ಒಂದೇ ಗಂಟಲು. ಬಾಳೆಹಣ್ಣಿಗೂ ಅದೇ, ಹಳೇ ಕಬ್ಬಿಣಕ್ಕೂ ಅದೇ. ಕನ್ನಡವನ್ನು ಯಾವುದೋ ದೂರದ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಕೂತು ಓದಿದಂಥ ಆಸಾಮಿ ಅವನು. ಇಂಥವನಿಗೆ ಕೆಲಸ ಸಿಗುವುದಾದರೆ ಒಬ್ಬನೇ ಹತ್ತು ಜನರ ಹಾಗೆ ಮಾತಾಡಬಲ್ಲ ನನಗೇಕೆ ಸಿಗಬಾರದು ಅನ್ನಿಸಿತು. ಗಾಡಿಗೊಂದು ಕೂಗು, ಗಿರಾಕಿ ಕಿವಿ ನಿಮಿರುವಂಥ ಕೂಗು ಮಾಡಿಕೊಡುವುದು. ಇಡೀ ಮೈಸೂರಿನಲ್ಲಿ ಈ ಕೆಲಸ ಮಾಡುವವರು ಯಾರೂ ಇರಲಿಲ್ಲ.

ಒಂದು ಭಾನುವಾರ ಕುವೆಂಪುನಗರದಿಂದ ಅಕ್ಕ, ಭಾವ ಬಂದಿದ್ದಾಗ ವಿಷಯ ಎತ್ತಿದೆ. ಭಾವನಿಗೆ ವ್ಯಾಪಾರದ ಬಗ್ಗೆ ಅಪಾರ ತಿಳಿವಳಿಕೆ. ಅದೆಲ್ಲ ಫೋನಿನಲ್ಲಿ ಬರುತ್ತದೆ. ಅವರು ಬಸ್ಸಿನಲ್ಲಿ ನೋಡುತ್ತಾರೆ.

"ಮಾವ, ಇದಕ್ಕೆ ಕಾಂಪಿಟೇಷನ್ನೇ ಇಲ್ಲ. ಫೀಲ್ಡ್ ಖಾಲಿ. ಮೊದಲು ಹೋದವನದ್ದೇ ಎಲ್ಲ," ಎಂದರು ಭಾವ, ಎದುರಿಗೆ ಸಾವಿರ ಜನ ಕೂತಿದ್ದಾರೆ ಅನ್ನುವ ಹಾಗೆ ಎರಡೂ ಕೈ ಹರಡಿ.

ಅಪ್ಪ ಮುದ್ದೆ ಮುರಿಯುತ್ತಿದ್ದವನು ತಲೆ ಎತ್ತಲಿಲ್ಲ. "ಫೀಲ್ಡ್ ಯಾಕ್ ಖಾಲಿ ಅದೆ ಅಂತ ಕೇಳಿದ್ರಾ? ಮಂಡಿ ಉದ್ದ ಕಲ್ಲಿರೋ ಹೊಲಾನೂ ಖಾಲಿ ಇರ್ತದೆ."

"ಅಂಗಲ್ಲ ಮಾವ," ಎಂದರು ಭಾವ. ಅಪ್ಪನ ಎದುರು ಅವರ ಬಾಯಲ್ಲೂ ಹಕಾರ ಬಿದ್ದುಹೋಗುತ್ತದೆ.

ಅಪ್ಪನ ಮಾತಿಗೆ ಹಿನ್ನೆಲೆ ಇದೆ. ಅಪ್ಪನ ಮೊದಲ ಗಿರಣಿ ಇಲವಾಲದ ಕಡೆ, ಹೊಸದಾಗಿ ಮನೆಗಳೆದ್ದ ಒಂದು ಜಾಗದಲ್ಲಿತ್ತು. ಸುತ್ತ ಎಲ್ಲೂ ಇನ್ನೊಂದು ಗಿರಣಿ ಇಲ್ಲ ಎಂದೇ ಅಲ್ಲಿ ಹಾಕಿದ್ದು. ಅಲ್ಲಿದ್ದವರೆಲ್ಲ ಅಕ್ಕಪಕ್ಕದ ಹಳ್ಳಿಯವರು. ವಾರಕ್ಕೊಮ್ಮೆ ಊರಿಗೆ ಹೋಗಿ, ತಮ್ಮ ಹೊಲದ ರಾಗಿಯನ್ನು ತಮ್ಮೂರ ಗಿರಣಿಯಲ್ಲೇ ಬೀಸಿಸಿಕೊಂಡು ಬರುತ್ತಿದ್ದರು. ಅಪ್ಪ ವರ್ಷವಿಡೀ ಬೆಲ್ಟಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದ. ಆಮೇಲೆ ವಿದ್ಯಾರಣ್ಯಪುರಂಗೆ ಬಂದು, ಆಗಲೇ ಒಂದು ಗಿರಣಿ ಇದ್ದ ಬೀದಿಯ ಪಕ್ಕದ ಬೀದಿಯಲ್ಲೇ ತನ್ನದನ್ನು ನಿಲ್ಲಿಸಿದ. ಎಲ್ಲರೂ ಹೊಡೆದಾಟ ಆಗುತ್ತದೆ ಅಂದುಕೊಂಡಿದ್ದರು. ಆದದ್ದು ಬೇರೆ. ಒಂದೇ ಗಿರಣಿ ಇದ್ದಾಗ ಮೆಣಸಿನಕಾಯಿ ಬೀಸಿದ ಮೇಲೆ ಹಾಕಿದವರ ರಾಗಿ ಖಾರವಾಗುತ್ತಿತ್ತು. ಹೆಂಗಸರು ಟಿನ್ನು ಇಳಿಸುವ ಮೊದಲು 'ಖಾರ ಹಾಕಿದ್ರಾ' ಎಂದು ಕೇಳಿ, ಹೌದೆಂದರೆ ಬೇರೆ ಕಡೆ ಹೋಗುತ್ತಿದ್ದರು. ಗಿರಣಿಯವರಿಬ್ಬರೂ ಒಂದು ಸಂಜೆ ಕಾಫಿ ಕುಡಿದು, ಖಾರ-ಮಸಾಲೆ ಅವರಿಗೆ, ರಾಗಿ-ಗೋಧಿ-ಅಕ್ಕಿ ನಮಗೆ ಎಂದು ಹಂಚಿಕೊಂಡರು. ಹೋಗಿದ್ದ ಗಿರಾಕಿಗಳೆಲ್ಲ ಹಿಂದಿರುಗಿದರು. ಅಂದಿನಿಂದ ಅಪ್ಪನಿಗೆ ಎದುರಾಳಿ ಅಂದರೆ ಮನೆದೇವರ ಪಕ್ಕದ ಪಟ.

"ನೋಡ್ಲಾ," ಎಂದ ಅಪ್ಪ ಕೈ ತೊಳೆದುಕೊಂಡು ಬಂದು. "ಈ ಮೈಸೂರಲ್ಲಿ ಇದೇ ಕೆಲ್ಸ ಮಾಡಿ ಉಣ್ತಾ ಇರೋನ್ನ ಒಬ್ನ್ನ ತೋರ್ಸು. ಒಬ್ನೇ ಒಬ್ನ್ನ. ಆಮೇಲೆ ನಿನ್ನ ತಂಟೆಗೆ ಬರಕಿಲ್ಲ. ತೋರ್ಸ್ನಿಲ್ಲ ಅಂದ್ರೆ ಉಗಾದಿ ಕಳ್ದ ಮಾರ್ನೆ ದಿನದಿಂದ ಮಿಷನ್ ಮುಂದೆ ಕೂತ್ಕೋಬೇಕು."

ಗಿರಣಿಯಲ್ಲಿ ಕೂತರೆ ಏನಾಗುತ್ತದೆ ಎಂದು ನನಗೆ ಗೊತ್ತು. ಹಿಟ್ಟಿನ ಧೂಳು ರೆಪ್ಪೆಗೂ ಕೂರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅಣಕಿಸುವವನನ್ನು ಗಿರಣಿಯಲ್ಲಿ ಕೂರಿಸುವುದೆಂದರೆ ಮೀನನ್ನು ಹಿಟ್ಟಿನ ಡಬ್ಬದಲ್ಲಿ ಬಿಟ್ಟ ಹಾಗೆ.

ಹೀಗೆ, ಎದುರಾಳಿಗಳು ಇರಬಾರದು ಎಂದು ಜನ ಹರಕೆ ಹೊತ್ತುಕೊಳ್ಳುವ ಕಾಲದಲ್ಲಿ ನಾನು ಸ್ಕೂಟರ್ ಹತ್ತಿ ಒಬ್ಬ ಎದುರಾಳಿಯನ್ನು ಹುಡುಕಿಕೊಂಡು ಹೊರಟೆ. ಮಾರ್ಕೆಟ್ಟಿನ ಹತ್ತಿರ ಮೈಕು ಮಾರುವ ಅಂಗಡಿಯವರನ್ನು ಕೇಳಿದೆ. ಅವರು ಮೈಕಿನ ಹಿಂಭಾಗ ತಿರುಗಿಸಿ ಒಂದು ಚಿಪ್ ತೋರಿಸಿದರು. "ಕೂಗು ಇದ್ರಲ್ಲೇ ಬರ್ತದೆ. ಫ್ರೀ. ಅದಕ್ಕೆ ಬೇರೆ ದುಡ್ಡು ಯಾರ್ ಕೊಡ್ತಾರೆ ಸಾರ್?" ರೈಲ್ವೆ ಸ್ಟೇಷನ್ನಿನ ಆಸಾಮಿ ಅಲ್ಲಿ ಚೀಲದ ತುಂಬ ಕೂತಿದ್ದ.

ಹಿಂದೆ ಆಟೊದಲ್ಲಿ ಕೂತು ಮೈಕು ಹಿಡಿದು ಸರ್ಕಸ್ಸು, ಸೀರೆ ಮೇಳ ಅಂತ ಕೂಗುತ್ತಿದ್ದವರೊಬ್ಬರ ವಿಳಾಸ ಸಿಕ್ಕಿತು. ಖುಷಿಯಿಂದ ಹೋದೆ. ಜೆರಾಕ್ಸ್ ಅಂಗಡಿ ಇಟ್ಟಿದ್ದರು. "ಅದ್ರಿಂದ ಹೊಟ್ಟೆ ತುಂಬ್ಲಿಲ್ಲ ಕಣಪ್ಪ," ಎಂದು ಅದೇ ಗಂಭೀರ ಕಂಠದಲ್ಲಿ ಹೇಳಿ, ನನ್ನ ಆಧಾರ್ ಕಾರ್ಡಿಗೆ ಜೆರಾಕ್ಸ್ ಬೇಕೇ ಎಂದು ಕೇಳಿದರು. ಅಪ್ಪನಿಗೆ ವರದಿ ಒಪ್ಪಿಸಿದೆ.

"ಬುಟ್ಟೋದವ್ನು ಲೆಕ್ಕಕ್ಕಿಲ್ಲ," ಎಂದ ಅಪ್ಪ.

ಆಗ ನನಗೆ ಹೊಳೆದದ್ದು ನನ್ನ ಅಂತಸ್ತಿನ ಎಲ್ಲ ಮಿಮಿಕ್ರಿಯವರಿಗೂ ಹೊಳೆಯುವಂಥದ್ದೇ. ಎದುರಾಳಿ ಇಲ್ಲದಿದ್ದರೆ ಮಾಡಿಕೊಂಡರಾಯಿತು. ಭಾವನ ಇನ್ನೊಂದು ಸಿಮ್ಮು ಇಸ್ಕೊಂಡು, ಮಧ್ಯಾಹ್ನ ಮನೆಯ ಟೆರೇಸು ಹತ್ತಿ, ನಮ್ಮೂರ ಕಡೆಯ ದಾಯಾದಿ ಒಬ್ಬರ ಮೂಗಿನ ದನಿಯನ್ನು ಎರವಲು ಪಡೆದು ಅಪ್ಪನಿಗೆ ಫೋನ್ ಮಾಡಿದೆ.

"ನಮಸ್ಕಾರ ಯಜಮಾನ್ರೇ. ನಾನು ಇಲವಾಲದ ಕಡೆಯವ್ನು. ತಳ್ಳೋ ಗಾಡಿಗಳ್ಗೆ ಕೂಗು ರೆಕಾರ್ಡ್ ಮಾಡ್ಕೊಟ್ಟು ಜೀವ್ನ ಮಾಡ್ತಿವ್ನಿ. ನಿಮ್ಮ ಮಗನೂ ಅದೇ ಸುರು ಮಾಡವ್ನಂತೆ. ನನ್ನ ಹೊಟ್ಟೆ ಮೇಲೆ ಹೊಡೀಬ್ಯಾಡ ಅಂತ ಒಸಿ ಬುದ್ಧಿ ಹೇಳಿ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ನಿಜವಾಗಿಯೂ ಸದ್ದಿಲ್ಲ. ಅಷ್ಟು ಸದ್ದಿಲ್ಲದಿರುವುದನ್ನು ನಾನು ಆಗಲೇ ಗಮನಿಸಬೇಕಿತ್ತು.

"ಕರೆಂಟ್ ಹೋಗ್ಯದೆ ಕಣ್ಲಾ," ಎಂದ ಅಪ್ಪ. "ಮಿಷನ್ ನಿಂತದೆ. ಮೆತ್ಗೆ ಮಾತಾಡು."

ದನಿ ಬದಲಾಯಿಸಿದ್ದೆ, ಊರು ಬದಲಾಯಿಸಿದ್ದೆ, ನಂಬರು ಬದಲಾಯಿಸಿದ್ದೆ. ಕಿರುಚುವುದನ್ನು ಬದಲಾಯಿಸಿರಲಿಲ್ಲ. ಗಿರಣಿಯ ಫೋನಿಗೆ ಮೊದಲ ಅಕ್ಷರದಿಂದ ಕಿರುಚುವ ಇಲವಾಲದವನು ಲೋಕದಲ್ಲಿ ಇರಲಾರ.

"ಊಟಕ್ಕೇನ್ ಮಾಡವ್ಳೆ ನಿಮ್ಮವ್ವ?" ಎಂದು ಅಪ್ಪ ಕೇಳಿದ.

"ಸೊಪ್ಸಾರು," ಎಂದು ಇಲವಾಲದ ದನಿಯಲ್ಲೇ ಹೇಳಿ ಫೋನ್ ಇಟ್ಟೆ.

ಎದುರಾಳಿ ಸಿಗದಿದ್ದರೆ ಹೋಗಲಿ, ಗಿರಾಕಿಯಾದರೂ ಸಿಗಲಿ ಎಂದು ಕೆಲಸ ಶುರು ಮಾಡಿಯೇಬಿಟ್ಟೆ. ಮೊದಲ ಗಿರಾಕಿ ನಮ್ಮ ಬೀದಿಗೆ ಈರುಳ್ಳಿ-ಬೆಳ್ಳುಳ್ಳಿ ತರುವವರು. ಅವರಿಗೆ ಜೀವ ತೇಯ್ದು ಮಾಡಿಕೊಟ್ಟೆ. ಒಬ್ಬ ಅತ್ತೆ ಈರುಳ್ಳಿ ಇಲ್ಲ ಅಂತ ಗೊಣಗುತ್ತಾಳೆ, ಸೊಸೆ ಬಾಗಿಲಿಗೆ ಓಡುತ್ತಾಳೆ, ಮಾವ ಒಳಗಿಂದ 'ಬೆಳ್ಳುಳ್ಳಿನೂ ತಗೋ' ಅನ್ನುತ್ತಾನೆ. ಮೂವರೂ ನಾನೇ. ಗಾಡಿಯ ಹಿಂದೆ ಮಕ್ಕಳು ನಡೆದವು. ಈರುಳ್ಳಿಯವರು ಸಂಜೆ ಬಂದು, "ಮಾಲು ಬೇಗ ಖಾಲಿ ಆಯ್ತು ಕಣಣ್ಣ," ಎಂದರು.

ಸ್ವಲ್ಪ ದಿನಕ್ಕೆ ಕುವೆಂಪುನಗರದಿಂದ ಭಾವನ ಫೋನು. "ನಿನ್ನ ಬ್ರಾಂಚ್ ನಮ್ಮ ರೋಡಲ್ಲೂ ಓಪನ್ ಆಯ್ತಲ್ಲ ಬ್ರದರ್. ಹೇಳಲೇ ಇಲ್ಲ."

"ನಾನೆಲ್ಲಿ ಮಾಡ್ದೆ ಭಾವ?"

"ಕೇಳು," ಎಂದು ಫೋನನ್ನು ಕಿಟಕಿಗೆ ಹಿಡಿದರು.

ನನ್ನ ಅತ್ತೆ ಗೊಣಗುತ್ತಿದ್ದಳು, ನನ್ನ ಸೊಸೆ ಓಡುತ್ತಿದ್ದಳು. ಅವರ ಜೊತೆಗೆ ನಾನು ಹಾಕದ ಎರಡು ದನಿಗಳಿದ್ದವು. ಒಂದು ನಮ್ಮ ಬೀದಿಯ ಕುಂಟ ನಾಯಿಯದು. ಇನ್ನೊಂದು ನಮ್ಮಮ್ಮನದು. ಯಾರೋ ಬುದ್ಧಿವಂತರು ನಮ್ಮ ಬೀದಿಯಲ್ಲಿ ನಿಂತು ಈರುಳ್ಳಿಯವರ ಮೈಕಿಗೆ ತಮ್ಮ ಫೋನು ಹಿಡಿದು ತುಂಬಿಸಿಕೊಂಡು ಹೋಗಿದ್ದರು. ಅದೇ ಹೊತ್ತಿಗೆ ಅಮ್ಮ ಗಾಡಿಯ ಹತ್ತಿರ ನಿಂತು ಚೌಕಾಸಿ ಮಾಡುತ್ತಿದ್ದಳು. ಈಗ ಕುವೆಂಪುನಗರದ ಆ ಗಾಡಿ ಪ್ರತಿ ಮನೆಯ ಮುಂದೆಯೂ, ಗಿರಾಕಿ ಬಾಯಿ ತೆರೆಯುವ ಮೊದಲೇ, "ಇದೇನಪ್ಪ, ಹೋದ್ವಾರ ಕಮ್ಮಿ ಇತ್ತಲ್ಲ, ಕೊಳ್ತೋಗಿರೋದು ಬೇರೆ ಕೊಡ್ತಿದೀಯ," ಎಂದು ನಮ್ಮಮ್ಮನ ಬಾಯಲ್ಲೇ ಸಾರಿಕೊಂಡು ತಿರುಗುತ್ತಿತ್ತು.

ಅಮ್ಮನಿಗೆ ಇದನ್ನು ಕೇಳಿಸಿದಾಗ ಅವಳು ಎರಡು ಸಲ ಕೇಳಿದಳು. "ನನ್ ಧ್ವನಿ ಚೆನ್ನಾಗೇ ಇದೆ ಕಣೋ," ಎಂದಳು.

ನಾನು ಗಿರಣಿಗೆ ಓಡಿದೆ. "ಅಪ್ಪ, ಎದುರಾಳಿ ಸಿಕ್ದ," ಎಂದು ಬೆಲ್ಟಿನ ಮೇಲೆ ಕಿರುಚಿ ನಡೆದದ್ದನ್ನು ಹೇಳಿದೆ.

"ಅವ್ನು ಎದುರಾಳಿ ಅಲ್ಲ ಕಣ್ಲಾ, ಕಳ್ಳ," ಎಂದ ಅಪ್ಪ ರಾಗಿ ಸುರಿಯುತ್ತ. "ನಿನ್ನ ಕೂಗು ಜನಕ್ಕೆ ಬೇಕು ಅಂತ ಆಯ್ತು. ಅದಕ್ಕೆ ಕಾಸು ಬಿಚ್ತಾರೆ ಅಂತ ಎಲ್ಲಾಯ್ತು? ಪುಕ್ಸಟ್ಟೆ ಸಿಕ್ದಾಗ ಹೊಗೇನೂ ಕುಡೀತಾರೆ."

ನನ್ನ ಕಸುಬಿನ ಒಂದೇ ಒಂದು ಪ್ರತಿಸ್ಪರ್ಧಿ ನನ್ನದೇ ಗಂಟಲು, ಅದೂ ಬಿಟ್ಟಿ ಕೆಲಸ ಮಾಡುತ್ತಿತ್ತು.

ಯುಗಾದಿ ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ಸೊಪ್ಪಿನಕ್ಕ ಬಂದಳು. ನಮ್ಮ ಬೀದಿಗೆ ಬೆಳಿಗ್ಗೆ ಸೊಪ್ಪಿನ ಗಾಡಿ ತಳ್ಳಿಕೊಂಡು ಬರುವ ಅವಳ ಕೂಗಿಗೆ ನಾವು ಅಲಾರಂ ಇಡುವುದನ್ನೇ ಬಿಟ್ಟಿದ್ದೆವು. ಅವಳಿಗೆ ಗಂಟಲು ಕಟ್ಟಿ, ಡಾಕ್ಟರು ಕೂಗಬೇಡ ಎಂದಿದ್ದರು. ಅಂಗಡಿಯ ಮೈಕು ಹಾಕಿ ನೋಡಿದ್ದಳು. ಅವಳ ಗಿರಾಕಿ ಮನೆಗಳ ಹೆಂಗಸರು ಯಾವುದೋ ಬೇರೆ ಗಾಡಿ ಎಂದುಕೊಂಡು ಹೊರಗೇ ಬಂದಿರಲಿಲ್ಲ.

"ನನ್ನ ಗೇಲಿ ಮಾಡಿ ಮಾಡಿ ಇಷ್ಟುದ್ದ ಬೆಳ್ದಿದೀಯಲ್ಲ," ಎಂದಳು ಪಿಸುದನಿಯಲ್ಲಿ. "ಅದನ್ನೇ ಈ ಮೈಕಲ್ಲಿ ತುಂಬ್ಸು."

ಇದಕ್ಕಿಂತ ಸುಲಭದ ಕೆಲಸವಿಲ್ಲ ಎಂದುಕೊಂಡೆ. ಅವಳ ಕೂಗು ನನ್ನ ಹಳೆಯ ಐಟಂ. 'ದಂಟೂ' ಎಂದು ಶುರುವಾಗಿ, ಮಧ್ಯೆ ಒಂದು ಉಸಿರು, ಮೆಂತ್ಯದ ಹತ್ತಿರ ಒಂದು ಏರು. ಮಾರನೆಯ ಬೆಳಿಗ್ಗೆ ಗಾಡಿಯ ಮೇಲೆ ಅದು ಕೂಗಿತು. ಬಾಗಿಲುಗಳು ತೆರೆದವು. ಎಲ್ಲರೂ ನಗುತ್ತ ಬಂದರು. ಯಾರ ಕೈಯಲ್ಲೂ ಬುಟ್ಟಿ ಇರಲಿಲ್ಲ.

"ನೀನೇ ಅಂದ್ಕೊಂಡೆ ಕಣೋ," ಎಂದರು ಮೂಲೆ ಮನೆಯ ಮೇಷ್ಟ್ರು ನನ್ನನ್ನು ನೋಡಿ. "ಸೊಪ್ಪು ನಿಜವಾಗ್ಲೂ ಬಂದಿದೆಯಾ?"

ಇಡೀ ಬೀದಿಗೆ ನನ್ನ ಸೊಪ್ಪಿನಕ್ಕ ಪರಿಚಯ. ನನ್ನ ಸೊಪ್ಪಿನಕ್ಕನ ಹತ್ತಿರ ಸೊಪ್ಪು ಇರುವುದಿಲ್ಲ ಎಂಬುದೂ ಪರಿಚಯ.

ಸೊಪ್ಪಿನಕ್ಕ ನಗಲಿಲ್ಲ. ಸೊಪ್ಪಿನ ಕಟ್ಟುಗಳು ಬಾಡುತ್ತಿದ್ದವು. ಅಂದು ಮಧ್ಯಾಹ್ನ ಅವಳನ್ನೇ ನಮ್ಮ ನಡುಮನೆಯಲ್ಲಿ ನಿಲ್ಲಿಸಿ, ಒಂದೇ ಒಂದು ಸಲ ಕೂಗಿಬಿಡಕ್ಕ ಎಂದೆ. ಅವಳು ಸೆರಗು ಸರಿಮಾಡಿಕೊಂಡು, ತಾಲ್ಲೂಕು ಆಫೀಸಿನಲ್ಲಿ ತನ್ನ ಹೆಸರು ಹೇಳುವ ಹಾಗೆ, "ದಂಟು ಇದೆ. ಮೆಂತ್ಯ ಇದೆ," ಎಂದಳು.

"ಹಿಂಗಲ್ಲ ಅಕ್ಕ, ಬೀದೀಲಿ ಕೂಗ್ತೀಯಲ್ಲ ಹಂಗೆ."

"ಬೀದೀಲಿ ಗಾಡಿ ಇರ್ತದೆ ಕಣಪ್ಪ. ಇಲ್ಲಿ ನಿನ್ ಮೂತಿ ಅದೆ. ನಿನ್ ಮೂತಿ ನೋಡ್ಕಂಡು ಎಂಗ್ ಕೂಗ್ಲಿ?" ಆಮೇಲೆ, ಕಣ್ಣು ಅರ್ಧ ಮುಚ್ಚಿ, ತಲೆ ಕೆರೆದುಕೊಂಡು, ನನ್ನದೇ ನಿದ್ದೆಗಣ್ಣಿನ ದನಿಯಲ್ಲಿ, "'ಅಕ್ಕಾ, ಅಮ್ಮ ಪಾಲಕ್ ಹೇಳವ್ಳೆ, ಎಷ್ಟ್ ಕಟ್ಟು ಅಂತ ಕೇಳ್ಕಂಬರ್ತೀನಿ ಇರು,'" ಎಂದಳು.

ಅಮ್ಮ ಅಡುಗೆಮನೆಯಿಂದ ಓಡಿ ಬಂದು ನಕ್ಕಳು. ಅಂದು ನನಗೆ ಮೊದಲ ಬಾರಿಗೆ ವೃತ್ತಿಯಲ್ಲಿ ಒಬ್ಬ ಎದುರಾಳಿಯ ಭಯವಾಯಿತು.

ಸೊಪ್ಪಿನಕ್ಕ ಕೆಲವು ದಿನ ಮಾತೇ ಆಡದೆ ಗಂಟಲು ಕಾಪಾಡಿಕೊಂಡಳು. ಆಮೇಲೆ ಒಂದು ಬೆಳಿಗ್ಗೆ ಅವಳು ಗಾಡಿ ತಳ್ಳಿದಳು, ನಾನು ಫೋನು ಹಿಡಿದು ಹಿಂದೆ ನಡೆದೆ. ಬೀದಿಗೆ ಒಂದೇ ಕೂಗು ಎಂದು ಮಾತಾಗಿತ್ತು. ಗಾಡಿಯ ಚಕ್ರ ಉರುಳಿದ ಮೇಲೆ ಕೂಗು ತಾನಾಗಿ ಬಂತು. ಇಷ್ಟು ವರ್ಷ ಅಣಕಿಸಿದ್ದ ನನಗೆ ಅವಳು ಬೀದಿ ಬೀದಿಗೂ ಬೇರೆ ಬೇರೆ ಕೂಗುತ್ತಾಳೆ ಎಂದು ಗೊತ್ತಿರಲಿಲ್ಲ. ನಾನು ನಮ್ಮ ಬೀದಿಯದನ್ನು ಮಾತ್ರ ಕೇಳಿದ್ದೆ. ನಮ್ಮಲ್ಲಿ 'ಮೇಷ್ಟ್ರಮ್ಮ, ದಂಟೂ' ಎಂದರೆ, ಹಿಂದಿನ ಬೀದಿಯಲ್ಲಿ 'ಕೆಂಪ್ ಗೇಟವ್ವ, ಸಬ್ಸಿಗೆ ಬಂದದೆ' ಎನ್ನುತ್ತಿದ್ದಳು. ಅವನ್ನೆಲ್ಲ ಬೀದಿಗೊಂದರಂತೆ ಅವಳ ಮೈಕಿಗೆ ತುಂಬಿಸಿಕೊಟ್ಟೆ. ಬುಟ್ಟಿಗಳು ಹೊರಗೆ ಬಂದವು.

ಈರುಳ್ಳಿಯವರು ನೋಡಿ ತಮಗೂ ಅಂಥದೇ ಬೇಕು ಎಂದರು. ಹೂವಿನವರು ಬಂದರು. ಈ ಕೂಗನ್ನು ಯಾರು ಕದ್ದರೂ ಉಪಯೋಗವಿಲ್ಲ. ಕುವೆಂಪುನಗರದಲ್ಲಿ ಮೇಷ್ಟ್ರಮ್ಮನನ್ನು ಕರೆದರೆ ಅಲ್ಲಿನ ಮೂಲೆ ಮನೆಯ ಹಲ್ಲಿನ ಡಾಕ್ಟರು ಬಾಗಿಲು ತೆರೆಯುವುದಿಲ್ಲ. ಕೆಲಸ ಸಾಗಿತು. ಒಂದೇ ಕೊರತೆ ಎಂದರೆ, ನನ್ನ ಮಿಮಿಕ್ರಿ ಇದರಲ್ಲಿ ಎಲ್ಲೂ ಬೇಕಾಗಲಿಲ್ಲ. ಬೆಳಿಗ್ಗೆ ಎದ್ದು ಗಾಡಿಯ ಹಿಂದೆ ಬಾಯಿ ಮುಚ್ಚಿಕೊಂಡು ನಡೆಯುವುದೇ ಬಂಡವಾಳ. ಬಾಯಿ ಮುಚ್ಚಿಕೊಂಡಿರುವುದು ನನಗೆ ಎಷ್ಟು ಕಷ್ಟ ಎಂದು ಗಾಡಿಯವರಿಗೂ ಗೊತ್ತು. ಅದಕ್ಕೇ ಕಾಸು ಕೊಡುತ್ತಿದ್ದರು ಎಂದು ಕಾಣುತ್ತದೆ.

ಆದರೆ ಅಪ್ಪನ ಷರತ್ತು ಹಾಗೇ ಇತ್ತು. "ಎದುರಾಳಿ?" ಎಂದು ದಿನಾ ರಾತ್ರಿ ಊಟದಲ್ಲಿ ಕೇಳುತ್ತಿದ್ದ, ಉಪ್ಪು ಕೇಳುವ ದನಿಯಲ್ಲಿ.

ಹಬ್ಬಕ್ಕೆ ಒಂದು ವಾರವಿದೆ ಅನ್ನುವಾಗ ಸೊಪ್ಪಿನಕ್ಕನೇ ಸುದ್ದಿ ತಂದಳು. ಕುವೆಂಪುನಗರದಲ್ಲಿ ಸೊಪ್ಪು ಮಾರುವ ಅವಳ ತಂಗಿಯ ಹಿಂದೆ ಯಾರೋ ಒಬ್ಬ ಫೋನು ಹಿಡಿದು ನಡೆದಿದ್ದನಂತೆ. ಮೊಬೈಲ್ ರಿಪೇರಿ ಅಂಗಡಿಯವನಂತೆ. ಆಗಲೇ ನಾಲ್ಕೈದು ಗಾಡಿ ಹಿಡಿದಿದ್ದಾನಂತೆ.

ತಿಂಗಳುಗಟ್ಟಲೆ ಎದುರಾಳಿಗಾಗಿ ಹುಡುಕಿದ್ದ ನನಗೆ ಹೊಟ್ಟೆ ಉರಿದುಹೋಯಿತು. ಅವನು ನನ್ನ ಕೆಲಸ ಕದ್ದ ಎಂದು ಗಿರಣಿಗೆ ಹೋಗಿ ಕೂಗಾಡಿದೆ. ಅಪ್ಪ ಸ್ವಿಚ್ಚು ಆರಿಸಿದ. ಗಿರಣಿಯ ಬಾಯಲ್ಲಿ ಗೋಧಿ ಇರುವಾಗ ಅಪ್ಪ ಮಿಷನ್ ನಿಲ್ಲಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಅವ್ನು ಅದ್ರಲ್ಲೇ ಉಣ್ತಾನಾ?"

"ಗೊತ್ತಿಲ್ಲ."

"ಜಗ್ಳ ಆಡ್ಬ್ಯಾಡ. ಹೋಗಿ ಕಾಪಿ ಕುಡ್ಕಂಡು ಕೇಳ್ಕಂಬಾ."

ಹೋದೆ. ನನ್ನ ವಯಸ್ಸಿನವನೇ. ತಲೆಗೆ ಲೈಟು ಕಟ್ಟಿಕೊಂಡು ಯಾರದ್ದೋ ಫೋನಿನ ಹೊಟ್ಟೆ ಬಗೆದಿದ್ದ. ನಾನು ಯಾರು ಎಂದು ಹೇಳಿದ ಕೂಡಲೇ ಎದ್ದು ನಿಂತು, "ನೀವೇನಾ ಸಾರ್ ಅದು?" ಎಂದು ಕೈ ಕುಲುಕಿದ. ಒಳಗೆ ತಿರುಗಿ, "ಅಮ್ಮ, ನಾನ್ ಹೇಳಿರ್ಲಿಲ್ವಾ ವಿದ್ಯಾರಣ್ಯಪುರದವ್ರು, ಬಂದವ್ರೆ ನೋಡು," ಎಂದು ಕೂಗಿದ.

ಕಾಫಿ ಕುಡಿಯುವಾಗ ಸಂಗತಿ ತಿಳಿಯಿತು. ರಿಪೇರಿ ಅಂಗಡಿ ಬಿಟ್ಟು ಗಾಡಿಗಳ ಹಿಂದೆ ಅಲೆಯುತ್ತೀಯಾ, ಇದನ್ನು ಯಾರಾದರೂ ಮಾಡುತ್ತಾರಾ ಎಂದು ಅವರಮ್ಮ ಕೇಳಿದ್ದರು. ವಿದ್ಯಾರಣ್ಯಪುರಂನಲ್ಲಿ ಒಬ್ಬರು ಇದರಲ್ಲೇ ಚೆನ್ನಾಗಿ ಬದುಕುತ್ತಿದ್ದಾರೆ ಎಂದು ಇವನು ನನ್ನನ್ನು ಸಾಕ್ಷಿ ಹಾಕಿದ್ದ.

"ನಿಮ್ಮಪ್ಪ ಮಿಲ್ಲು ಇಟ್ಟವ್ರಂತಲ್ಲ," ಎಂದರು ಅವರಮ್ಮ. "ಆದ್ರೂ ನೀವು ಇದೇ ಚೆನ್ನಾಗದೆ ಅಂತ ಅದನ್ನೇ ಬುಟ್ರಂತೆ."

ನಾನು ಕಾಫಿಯ ಕಡೆ ನೋಡಿದೆ. ಮದುವೆ ಮನೆಯ ತೆಳ್ಳನೆಯ ಧ್ವನಿಯಲ್ಲಿ, "ಏನೋ, ನಡೀತಾ ಇದೆ ಆಂಟಿ," ಎಂದೆ.

ಇದನ್ನು ಅಪ್ಪನಿಗೆ ಹಾಗೇ ಹೇಳಿದೆ. ನಾನು ಮಾಡುತ್ತಿದ್ದೇನೆ ಎಂದು ರಿಪೇರಿಯವನು ಶುರು ಮಾಡಿದ. ಅವನು ಮಾಡುತ್ತಿದ್ದಾನೆ ಎಂದು ನಾನು ಮುಂದುವರಿಸಬೇಕು. ಅವನಿಗೆ ನಾನು ಸಾಕ್ಷಿ, ನನಗೆ ಅವನು. ಇಬ್ಬರಿಗೂ ಸೇರಿ ನಿಜವಾದ ಸಾಕ್ಷಿ ಒಬ್ಬರೂ ಇಲ್ಲ.

ಅಪ್ಪ ಹಿಟ್ಟಿನ ಕೈಯಲ್ಲಿ ಮೀಸೆ ಒರೆಸಿಕೊಂಡ. "ಅಂಗಾದ್ರೆ ಇಬ್ರೂ ದಡ್ರು, ಇಲ್ಲ ಇಬ್ರೂ ಜಾಣ್ರು. ಒಬ್ನೇ ಇದ್ದಾಗ ದಡ್ಡ ಅಂತ ಖಾತ್ರಿ ಇತ್ತು." ಆಮೇಲೆ, "ಕಾಸು ಕೊಟ್ಟ ಗಾಡಿಯವ್ರು ಎರಡ್ನೇ ಸಲ ಬಂದವ್ರಾ?" ಎಂದ.

"ಸೊಪ್ಪಿನಕ್ಕ ಬಂದವ್ಳೆ. ಬೇಸಿಗೆ ಸೊಪ್ಪಿಗೆ ಬೇರೆ ಕೂಗು ಬೇಕಂತೆ. ಈರುಳ್ಳಿಯವ್ರೂ ಬಂದ್ರು."

"ಅದನ್ನ ಮೊದ್ಲು ಹೇಳೋದಲ್ವಾ," ಎಂದು ಸ್ವಿಚ್ಚು ಹಾಕಿದ. ಮುಂದೆ ಏನು ಹೇಳಿದನೋ, ಬೆಲ್ಟು ತಿರುಗಿತು, ಕೇಳಿಸಲಿಲ್ಲ. ಮತ್ತೆ ಕೇಳುವ ಧೈರ್ಯವೂ ನನಗಾಗಲಿಲ್ಲ.

ಯುಗಾದಿಯ ದಿನ ಗಿರಣಿಗೆ ರಜ. ಬೇವು-ಬೆಲ್ಲ ತಿನ್ನುವಾಗ ಅಪ್ಪ ಆ ಮಾತು ಎತ್ತಲಿಲ್ಲ. ಮಾರನೆಯ ಬೆಳಿಗ್ಗೆ ಕೀಲಿಕೈ ತೆಗೆದುಕೊಂಡು ಒಬ್ಬನೇ ಹೋದ. ನನ್ನನ್ನು ಕರೆಯಲಿಲ್ಲ. ಕರೆಯಲಿಲ್ಲ ಎಂದರೆ ಬರಬೇಡ ಅಂತಲೋ, ನೀನೇ ಬಾ ಅಂತಲೋ ತಿಳಿಯದೆ, ಸೊಪ್ಪಿನಕ್ಕನ ಗಾಡಿಯ ಹಿಂದೆ ನಡೆಯುತ್ತಲೇ ಅಪ್ಪನಿಗೆ ಫೋನ್ ಮಾಡಿದೆ. ಹಳೆಯ ಪಾಠ ನೆನಪಿತ್ತು. ಮೆತ್ತಗೆ, "ಅಪ್ಪ, ನಾನು ಬರ್ಬೇಕಾ?" ಎಂದೆ.

"ಜೋರಾಗ್ ಮಾತಾಡ್ಲಾ," ಎಂದ ಅಪ್ಪ. "ಮಿಷನ್ ಓಡ್ತಾ ಅದೆ."

"ಬರ್ಬೇಕಾ ಅಂದೆ."

"ಯಾಕೆ, ಅಲ್ಲಿ ಕೆಲ್ಸ ಇಲ್ವಾ ನಿಂಗೆ?" ಎಂದು ಕಿರುಚಿದ. "ಮನೆಗ್ ಬರೋವಾಗ ಎಳೇದು ನೋಡಿ ದಂಟು ತಗಂಡ್ ಬಾ."